ಮೊದಲ ಸ್ಟೀಲ್ ಚಾಲೆಂಜ್ ಮ್ಯಾಚ್: .22ರಲ್ಲಿ ಇಳಿಯೋದಾ, 9 ಎಂಎಂ ಕಟ್ಕೊಂಡು ಹೋಗೋದಾ?

ಕಬ್ಬಿಣದಕಡಲೆ ಕೇಳಿದ್ದು:

ಇರೋದು ಟೆಕ್ಸಾಸ್‌ನಲ್ಲಿ, ಗ್ರೀನ್ ಕಾರ್ಡ್ ಇದೆ. ಹತ್ತಿರದ ಕ್ಲಬ್‌ನಲ್ಲಿ ತಿಂಗಳಿಗೊಂದು ಸ್ಟೀಲ್ ಚಾಲೆಂಜ್ ಮ್ಯಾಚ್ (ಟೈಮರ್ ಇಟ್ಟು ಉಕ್ಕಿನ ಪ್ಲೇಟಿಗೆ ಗುಂಡು ಹೊಡೆಯೋ ಸ್ಪರ್ಧೆ) ನಡೆಯುತ್ತೆ. ಪ್ರಾಕ್ಟಿಸ್ಕೋರ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕೋಕೆ ಹೋದ್ರೆ ಮೊದಲು ಡಿವಿಷನ್ (ಗನ್ನಿನ ವರ್ಗ) ಯಾವುದು ಅಂತ ಕೇಳ್ತಾ ಇದೆ, ಅಲ್ಲೇ ನಿಂತಿದೀನಿ. ಕೈಲಿರೋದು ಎರಡು: ರೆಡ್ ಡಾಟ್ (ಕೆಂಪು ಚುಕ್ಕಿ ತೋರಿಸೋ ಗುರಿಗಾಜು) ಕೂರಿಸಿರೋ ರೂಗರ್ ಮಾರ್ಕ್ 4 ಅನ್ನೋ .22 ಪಿಸ್ತೂಲ್, ಅದಕ್ಕೆ ಎರಡು ಮ್ಯಾಗಝೀನ್ (ಗುಂಡು ತುಂಬೋ ಡಬ್ಬಿ), ಇನ್ನೊಂದು ಸಾಧಾರಣ 9 ಎಂಎಂ ಪಿಸ್ತೂಲ್, ಅದಕ್ಕೆ ಹೋಲ್‌ಸ್ಟರ್ (ಸೊಂಟಕ್ಕೆ ಕಟ್ಟೋ ಗನ್ ಚೀಲ) ಇನ್ನೂ ತಗೊಂಡಿಲ್ಲ. ಕಾಗದದ ಗುರಿಗೆ ನಿಧಾನವಾಗಿ ಹೊಡೆದು ಅಭ್ಯಾಸ ಇದೆ, ಟೈಮರ್ ಜೊತೆ ಇಲ್ಲ.

ಯಾವುದರಲ್ಲಿ ಶುರುಮಾಡೋದು? ಎಷ್ಟು ಗುಂಡು ಬೇಕು? ಸ್ಕೋರಿಂಗ್ ಓದಿದ್ರೂ ತಲೆಗೆ ಹತ್ತಲಿಲ್ಲ. ಇನ್ನೊಂದು, ಹೆಂಡತಿಯ ತಮ್ಮ ಎಚ್‌-1ಬಿ ಮೇಲೆ ಇಲ್ಲೇ ಇದಾನೆ, ಅವನೂ ಒಂದು ಕೈ ನೋಡ್ತೀನಿ ಅಂತಾನೆ. ಕರ್ಕೊಂಡು ಹೋಗಬಹುದಾ?

---

ಗುರಿಕಾರ ಉತ್ತರ:

.22ರಲ್ಲೇ ಇಳೀರಿ. ರೆಡ್ ಡಾಟ್ ಇರೋದ್ರಿಂದ ನಿಮ್ಮ ಡಿವಿಷನ್ ರಿಮ್‌ಫೈರ್ ಪಿಸ್ತೂಲ್ ಓಪನ್ (.22ರ ಗುಂಡಿಗೆ ರಿಮ್‌ಫೈರ್ ಅಂತಾರೆ). ಹೋಲ್‌ಸ್ಟರ್ ಬೇಕಿಲ್ಲ ಅನ್ನೋದೇ ದೊಡ್ಡ ಲಾಭ. 9 ಎಂಎಂ ಆದ್ರೆ ಎರಡೂ ಕೈ ಭುಜಕ್ಕಿಂತ ಮೇಲೆ ಎತ್ತಿ ನಿಂತು, ಬೀಪ್ ಆದಮೇಲೆ ಸೊಂಟದಿಂದ ಗನ್ ಎಳೆದು ಹೊಡೀಬೇಕು. .22ರಲ್ಲಿ ಗನ್ ಮೊದಲೇ ಎರಡೂ ಕೈಲಿರುತ್ತೆ. ಮುಂದೆ ಸುಮಾರು 10 ಅಡಿ ದೂರದಲ್ಲಿ ನೆಲದ ಮೇಲೆ ಕೋನ್ ಅಥವಾ ಬಾವುಟ ಇಟ್ಟಿರ್ತಾರೆ, ನಳಿಗೆ ಅದರ ಕಡೆ, ಬೆರಳು ಟ್ರಿಗರ್ ಗಾರ್ಡ್‌ನ ಹೊರಗೆ. ಬೀಪ್ ಆದ್ಮೇಲೆ ಎತ್ತೋದು. ಇದಕ್ಕೆ ಲೋ ರೆಡಿ ಅಂತಾರೆ. ಅವಸರದಲ್ಲಿ ಗನ್ ಎಳೆಯೋದನ್ನ ಮೊದಲ ಮ್ಯಾಚ್‌ನಲ್ಲಿ ಕಲಿಯೋದು ಬೇಡ.

ಸ್ಕೋರಿಂಗ್ ನಿಜಕ್ಕೂ ಸುಲಭ. ಒಂದು ಸ್ಟೇಜ್ ಅಂದ್ರೆ ಐದು ಪ್ಲೇಟ್. ಅದರಲ್ಲಿ ಒಂದು ಸ್ಟಾಪ್ ಪ್ಲೇಟ್, ಅದನ್ನ ಕೊನೆಗೇ ಹೊಡೀಬೇಕು. ಉಳಿದ ನಾಲ್ಕನ್ನ ಯಾವ ಕ್ರಮದಲ್ಲಿ ಬೇಕಾದ್ರೂ ಹೊಡೀರಿ. ಹೀಗೆ ಐದು ಸಲ ಹೊಡೀತೀರಿ, ಒಂದೊಂದು ಸಲಕ್ಕೂ ಸ್ಟ್ರಿಂಗ್ ಅಂತ ಹೆಸರು. ಅತಿ ಕೆಟ್ಟ ಸ್ಟ್ರಿಂಗ್ ಬಿಟ್ಟು ಉಳಿದ ನಾಲ್ಕರ ಸಮಯ ಕೂಡಿಸ್ತಾರೆ. ತಪ್ಪಿದ ಪ್ಲೇಟ್ ಒಂದಕ್ಕೆ 3 ಸೆಕೆಂಡ್ ದಂಡ. ಒಂದು ಸ್ಟ್ರಿಂಗ್‌ಗೆ 30 ಸೆಕೆಂಡ್ ಮೀರಿ ಹಾಕಲ್ಲ.

ಉದಾಹರಣೆಗೆ ನಿಮ್ಮ ಸ್ಟ್ರಿಂಗ್‌ಗಳು 3.2, 3.5, 2.9, 3.1, ಐದನೇದು 3.4 ಆಗಿ ಒಂದು ಪ್ಲೇಟ್ ತಪ್ಪಿದ್ದಕ್ಕೆ 6.4. ಆ 6.4 ಬಿತ್ತು, ಸ್ಟೇಜ್ ಸಮಯ 12.7. ಎಲ್ಲ ಸ್ಟೇಜ್ ಕೂಡಿಸಿದ್ರೆ ಅದೇ ನಿಮ್ಮ ಸ್ಕೋರ್. ಅಷ್ಟೇ ಕಣ್ರೀ.

ಒಟ್ಟು ಎಂಟು ಸ್ಟೇಜ್, ದೇಶದ ಯಾವ ಮೂಲೆಗೆ ಹೋದ್ರೂ ಅವೇ: ಫೈವ್ ಟು ಗೋ, ಶೋಡೌನ್, ಸ್ಮೋಕ್ ಅಂಡ್ ಹೋಪ್, ಔಟರ್ ಲಿಮಿಟ್ಸ್, ಆಕ್ಸಿಲರೇಟರ್, ಪೆಂಡ್ಯುಲಮ್, ಸ್ಪೀಡ್ ಆಪ್ಷನ್, ರೌಂಡಬೌಟ್. ಪ್ಲೇಟಿನ ಅಳತೆ, ದೂರ ಎಲ್ಲ ನಿಗದಿ. ಔಟರ್ ಲಿಮಿಟ್ಸ್ ಮಾತ್ರ ಬೇರೆ, ಅಲ್ಲಿ ನಾಲ್ಕೇ ಸ್ಟ್ರಿಂಗ್, ಲೆಕ್ಕಕ್ಕೆ ಮೂರು.

ಈಗ ಗುಂಡಿನ ಲೆಕ್ಕ. ಏಳು ಸ್ಟೇಜ್‌ಗೆ 25ರಂತೆ 175, ಔಟರ್ ಲಿಮಿಟ್ಸ್‌ಗೆ 20, ಒಂದೂ ತಪ್ಪದೇ ಹೊಡೆದ್ರೆ 195. ತಪ್ಪುತ್ತೆ. ಸಿಡಿಯದ ಗುಂಡೂ ಬರುತ್ತೆ. 300 ಇಟ್ಕೊಳ್ಳಿ. ಸಣ್ಣ ಕ್ಲಬ್‌ಗಳು ಒಂದು ದಿನಕ್ಕೆ ಎಂಟೂ ಹಾಕಲ್ಲ, ಆದ್ರೂ ಇರಲಿ.

ಗುಂಡಿಗಿಂತ ಮುಖ್ಯ ಮ್ಯಾಗಝೀನ್. ಎರಡು ಸಾಲದು, ಐದು ಬೇಕು. ಸ್ಟ್ರಿಂಗ್‌ಗೊಂದು, ಪ್ರತಿಯೊಂದರಲ್ಲೂ ಹತ್ತು ಗುಂಡು. ಐದು ಹೊಡೆದು ಅದೇ ಮ್ಯಾಗಝೀನ್‌ನಲ್ಲಿ ಮುಂದಿನ ಸ್ಟ್ರಿಂಗ್‌ಗೆ ನಿಂತ್ರೆ, ಮೊದಲ ಸಲ ಒಂದು ತಪ್ಪಿದ್ರೂ ಎರಡನೇ ಸಲದ ಸ್ಟಾಪ್ ಪ್ಲೇಟಿಗೆ ಬರೋ ಹೊತ್ತಿಗೆ ಗನ್ ಖಾಲಿ. ಮ್ಯಾಗಝೀನ್ ಬದಲಿಸೋವಾಗ ಗನ್ ಎದೆಯ ಹತ್ತಿರ ತಂದು ಪಕ್ಕಕ್ಕೆ ತಿರುಗಿಸೋದು ಹೊಸಬರ ಚಾಳಿ. ನಳಿಗೆ ಗುರಿಯ ಕಡೆಗೇ ಇರಲಿ.

---

ಟಿಣ್‌ಟಿಣ್ ಉತ್ತರ:

ಭಾಮೈದನ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳ್ತೀನಿ. ಎಚ್‌-1ಬಿ, ಎಲ್‌-1, ಎಫ್‌-1, ಎಚ್‌-4 ಇವೆಲ್ಲ ನಾನ್‌-ಇಮಿಗ್ರೆಂಟ್ (ತಾತ್ಕಾಲಿಕ ವಾಸದ) ವೀಸಾ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಇವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಕೊಳ್ಳೋ ಹಾಗಿಲ್ಲ. ಕೆಲವು ವಿನಾಯಿತಿ ಇವೆ, ಅದರಲ್ಲಿ ಜನ ಬಳಸೋದು ಯಾವುದಾದ್ರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅದು ಕೈಲಿಲ್ಲದೆ "ಐದು ನಿಮಿಷ ನಿಮ್ಮ ಗನ್ ಕೊಡಿ ಭಾವ" ಅಂದ್ರೂ ಕೊಡಬೇಡಿ. ಬಾಡಿಗೆ ಗನ್ನಿಗೂ ಇದೇ ಮಾತು. ಸಿಕ್ಕಿಬಿದ್ರೆ ಅದು ಫೆಲನಿ, ಅಂದ್ರೆ ಗಂಭೀರ ಅಪರಾಧ. ವೀಸಾ, ಮುಂದಿನ ಗ್ರೀನ್ ಕಾರ್ಡ್ ಎರಡಕ್ಕೂ ಕುತ್ತು.

ನೋಡೋಕೆ ಬರಲಿ, ತೊಂದರೆಯಿಲ್ಲ. ಪ್ಲೇಟಿಗೆ ಬಣ್ಣ ಹೊಡೀಲಿ, ಸ್ಕೋರ್ ಬರೀಲಿ, ನೀರು ಕೊಡಲಿ. ಆದ್ರೆ ಒಂದು ಕಡೆ ಜನ ಎಡವುತ್ತಾರೆ: ಸುಮ್ನೆ ಕೂತಿದಾನಲ್ಲ ಅಂತ ಮ್ಯಾಗಝೀನ್ ತುಂಬೋ ಕೆಲಸ ಅವನಿಗೆ ಕೊಡೋದು. ಗುಂಡೂ ಅದೇ ಕಾನೂನಿಗೆ ಬರುತ್ತೆ. ಬೇಟೆ ಲೈಸೆನ್ಸ್ ದಾರಿ ಹಿಡಿಯೋದಾದ್ರೆ ಮೊದಲು ವಕೀಲರ ಹತ್ರ ಕೇಳಿ.

---

ಸೀಸದಕೈ ಉತ್ತರ:

.22 ಸರಿ, ಆದ್ರೆ ಅದೇನೋ ಸುಲಭ ಅನ್ನೋ ಹಾಗೆ ಗುರಿಕಾರರು ಬರೆದಿದ್ದಕ್ಕೆ ಒಂದು ತಕರಾರು. ಸ್ಟೀಲ್ ಮ್ಯಾಚ್‌ಗಳಲ್ಲಿ ಕೈಕೊಡೋ ಗನ್ ಅಂದ್ರೆ .22 ತಾನೆ. ಕಾರಣ ಗುಂಡಿನ ರಚನೆಯಲ್ಲೇ ಇದೆ. 9 ಎಂಎಂನಲ್ಲಿ ಪ್ರೈಮರ್, ಅಂದ್ರೆ ಪಿನ್ ಬಡಿದಾಗ ಸಿಡಿಯೋ ಪುಟ್ಟ ಬಟ್ಟಲು, ಗುಂಡಿನ ಬುಡದ ನಡುವೆ ಬಿಡಿಯಾಗಿ ಕೂತಿರುತ್ತೆ. .22ರಲ್ಲಿ ಸಿಡಿಯೋ ಮದ್ದನ್ನ ಅಂಚಿನ ಒಳಸುತ್ತು ಹರಡಿರ್ತಾರೆ. ಅಗ್ಗದ ಗುಂಡಿನಲ್ಲಿ ಅದು ಒಂದು ಕಡೆ ಕಮ್ಮಿ ಬಿದ್ದಿದ್ರೆ, ಪಿನ್ ಅಲ್ಲೇ ಹೊಡೆದ್ರೆ, ಬರೀ ಕ್ಲಿಕ್. ಆ ಗುಂಡನ್ನ ತಿರುಗಿಸಿ ಇನ್ನೊಂದು ಸಲ ಹಾಕಿದ್ರೆ ಎಷ್ಟೋ ಸಲ ಸಿಡಿಯುತ್ತೆ, ಆದ್ರೆ ಅದನ್ನ ಅಭ್ಯಾಸಕ್ಕೆ ಇಟ್ಕೊಳ್ಳಿ.

ಬಕೆಟ್‌ಗಟ್ಟಲೆ ಮಾರೋ ಬಲ್ಕ್ ಗುಂಡು ಮ್ಯಾಚ್‌ಗೆ ಬೇಡ. ಸಿಸಿಐ ಮಿನಿ-ಮ್ಯಾಗ್ 40 ಗ್ರೇನ್ ಥರದ್ದು ತಗೊಂಡು, ನಿಮ್ಮ ಗನ್ನಿನಲ್ಲಿ 200 ಹೊಡೆದು ನೋಡಿ. ಒಂದಕ್ಕಿಂತ ಹೆಚ್ಚು ಸಿಕ್ಕಿಕೊಂಡ್ರೆ ಬ್ರ್ಯಾಂಡ್ ಬದಲಿಸಿ. ಒಂದು ಗನ್ನಿಗೆ ಒಗ್ಗಿದ್ದು ಅದೇ ಮಾಡೆಲ್‌ನ ಇನ್ನೊಂದಕ್ಕೆ ಒಗ್ಗದೇ ಇರಬಹುದು.

ಮಾರ್ಕ್ 4 ಹಿಂದಿನ ಗುಂಡಿ ಒತ್ತಿದ್ರೆ ಬಿಚ್ಚಿಕೊಳ್ಳುತ್ತೆ, ಹಾಗಾಗಿ ಸೋಮಾರಿತನಕ್ಕೆ ನೆಪ ಇಲ್ಲ. ಚೇಂಬರಿನ (ಗುಂಡು ಕೂರೋ ಗೂಡು) ಬಾಯಿ, ಬೋಲ್ಟಿನ (ಅದರ ಹಿಂದೆ ಸರಿದಾಡೋ ಭಾಗ) ಮುಖ, ಎಕ್ಸ್‌ಟ್ರಾಕ್ಟರ್‌ನ (ಖಾಲಿ ಕೇಸು ಎಳೆದು ತೆಗೆಯೋದು) ಕೊಕ್ಕೆಯ ಒಳಗೆ ಮೇಣ, ಮಸಿ ಕೂತು ಗಟ್ಟಿಯಾಗುತ್ತೆ. ಕೊಕ್ಕೆ ಅಂಚನ್ನ ಹಿಡಿಯದೆ ಖಾಲಿ ಕೇಸು ಒಳಗೇ ಉಳಿದ್ರೆ ಮೊದಲು ನೋಡಬೇಕಾದ್ದು ಅದನ್ನೇ. ನೈಲಾನ್ ಬ್ರಷ್, ಎರಡು ಹನಿ ಎಣ್ಣೆ ಸಾಕು. ಎಣ್ಣೆ ಸುರೀಬೇಡಿ, ಮಸಿ ಇನ್ನಷ್ಟು ಹಿಡಿಯುತ್ತೆ.

ರೈಫಲ್‌ಗೆ ಹೋಗೋರಿಗೆ ಇನ್ನೊಂದು ಮಾತು. ಉದ್ದ ನಳಿಗೆಯ .22 ಸದ್ದು ತುಂಬ ಕಮ್ಮಿ, ಟೈಮರ್ ಕೊನೇ ಗುಂಡನ್ನ ಕೇಳಿಸಿಕೊಳ್ಳದೇ ಇರಬಹುದು. ಟೈಮರ್‌ನ ಸೆನ್ಸಿಟಿವಿಟಿ ಏರಿಸಿ, ಗನ್ನಿಗೆ ಹತ್ತಿರ ಹಿಡಿಯೋಕೆ ಆರ್‌ಒಗೆ (ರೇಂಜ್ ಆಫೀಸರ್, ಟೈಮರ್ ಹಿಡಿದು ಆದೇಶ ಕೊಡೋರು) ಮೊದಲೇ ಹೇಳಿ.

---

ಕಬ್ಬಿಣದಕಡಲೆ:

ಎಲ್ರಿಗೂ ಥ್ಯಾಂಕ್ಸ್. ಮೂರು ಮ್ಯಾಗಝೀನ್ ಆರ್ಡರ್ ಮಾಡ್ದೆ, ಭಾಮೈದನಿಗೆ ಬಣ್ಣದ ಡಬ್ಬಿ ಗ್ಯಾರಂಟಿ. ಒಂದು ಅನುಮಾನ: ಪ್ಲೇಟ್ ತಪ್ಪಿದೆ ಅನ್ನಿಸಿದ್ರೆ ಮತ್ತೆ ಹೊಡೆಯೋದಾ, ಮುಂದೆ ಹೋಗೋದಾ? "ಟಿಣ್" ಅನ್ನೋವರೆಗೂ ಕಾಯಬೇಕಾ?

---

ಗುರಿಕಾರ:

ಸ್ಟಾಪ್ ಪ್ಲೇಟಿಗೆ ಮುಂಚೆ ಗೊತ್ತಾದ್ರೆ ಮತ್ತೆ ಹೊಡೀರಿ, ಯಾವಾಗಲೂ. ಇನ್ನೊಂದು ಗುಂಡಿಗೆ ಅರ್ಧ ಮುಕ್ಕಾಲು ಸೆಕೆಂಡ್, ಬಿಟ್ಟು ಹೋದ್ರೆ 3 ಸೆಕೆಂಡ್. ಸ್ಟಾಪ್ ಪ್ಲೇಟ್ ಹೊಡೆದಮೇಲೆ ಮುಗೀತು, ಆಮೇಲೆ ಹೊಡೆದದ್ದು ಲೆಕ್ಕಕ್ಕಿಲ್ಲ.

ಸದ್ದಿಗೆ ಕಾಯಬೇಡಿ. ಔಟರ್ ಲಿಮಿಟ್ಸ್‌ನ ದೂರದ ಪ್ಲೇಟ್ 35 ಗಜ, ಅಂದ್ರೆ 105 ಅಡಿ. .22 ಗುಂಡು ಸೆಕೆಂಡಿಗೆ ಸುಮಾರು 1200 ಅಡಿ ಹೋದ್ರೆ ಅಲ್ಲಿ ಮುಟ್ಟೋಕೆ 0.09 ಸೆಕೆಂಡ್, ಸದ್ದು ವಾಪಸ್ ಬರೋಕೆ ಇನ್ನೊಂದು 0.09. ಅದನ್ನ ಕೇಳಿ, ಆಮೇಲೆ ಕಣ್ಣು ಸರಿಸೋದು ಅಂದ್ರೆ ಪ್ರತಿ ಪ್ಲೇಟಿಗೂ ಕಾಲು ಸೆಕೆಂಡ್ ದಾನ. ಪಕ್ಕದ ಬೇಯಲ್ಲೂ (ಇನ್ನೊಂದು ಸ್ಟೇಜ್ ಹಾಕಿರೋ ಅಂಕಣ) ಟಿಣ್ ಟಿಣ್ ನಡೀತಿರುತ್ತೆ, ಅದನ್ನ ನಿಮ್ಮದೇ ಅಂದ್ಕೊಂಡು ಮುಂದೆ ಹೋಗೋರೂ ಇದಾರೆ. ಟ್ರಿಗರ್ ಎಳೆದು ಗುಂಡು ಹೊರಟ ಕ್ಷಣ ಕೆಂಪು ಚುಕ್ಕಿ ಪ್ಲೇಟಿನ ಮೇಲೆ ಎಲ್ಲಿತ್ತು ಅನ್ನೋದನ್ನ ನೋಡಿ, ಉತ್ತರ ಅಲ್ಲೇ ಇದೆ. ಚುಕ್ಕಿ ಎಲ್ಲಿತ್ತೋ ಗೊತ್ತಾಗಲಿಲ್ಲ ಅಂದ್ರೆ ಗುಂಡು ಹೊರಡೋ ಮುಂಚೆಯೇ ಕಣ್ಣು ಮುಂದಿನ ಪ್ಲೇಟಿಗೆ ಓಡಿತ್ತು ಅಂತ ಅರ್ಥ. ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದರಿಂದಲೇ.

ಒಂದು ಕೆಟ್ಟ ಸ್ಟ್ರಿಂಗ್ ಬಿಟ್ಟುಬಿಡ್ತಾರೆ ಅನ್ನೋದನ್ನ ಲೆಕ್ಕಾಚಾರವಾಗಿ ಬಳಸಿ. ಮೊದಲ ಮೂರು ನಾಲ್ಕು ಶುದ್ಧವಾಗಿ ಬಂದ್ರೆ ಕೊನೇದರಲ್ಲಿ ಹುಚ್ಚು ವೇಗಕ್ಕೆ ಹೋಗಬಹುದು. ಮೊದಲನೇದರಲ್ಲೇ ಎಡವಿದ್ರೆ ವಿನಾಯಿತಿ ಖರ್ಚಾಯ್ತು, ಉಳಿದ ನಾಲ್ಕೂ ಲೆಕ್ಕಕ್ಕೆ, ಹಿಡಿತದಲ್ಲಿ ಹೊಡೀರಿ. ಹೊಸಬರು ಮಾಡೋದು ಉಲ್ಟಾ: ಮೊದಲನೇದು ಕೆಟ್ಟ ಸಿಟ್ಟಿಗೆ ಎರಡನೇದು ಇನ್ನೂ ಜೋರು.

ಕ್ರಮದ ಬಗ್ಗೆ ಒಂದು ನಮೂನೆ. ಸ್ಮೋಕ್ ಅಂಡ್ ಹೋಪ್‌ನಲ್ಲಿ ಹತ್ತಿರದಲ್ಲಿ ನಾಲ್ಕು ದೊಡ್ಡ ಆಯತ, 18 ಇಂಚು ಅಗಲ 24 ಇಂಚು ಎತ್ತರ, ಎಡಕ್ಕೆರಡು ಬಲಕ್ಕೆರಡು. ನಡುವೆ ಹಿಂದಕ್ಕೆ 12 ಇಂಚಿನ ದುಂಡು ಸ್ಟಾಪ್ ಪ್ಲೇಟ್. ಎಡದಿಂದ ಬಲಕ್ಕೆ ಸಾಲಾಗಿ ಹೋದ್ರೆ ಬಲತುದಿಯಿಂದ ನಡುವಿಗೆ ವಾಪಸ್ ಬರಬೇಕು, ಗನ್ ಸ್ಟಾಪ್ ಪ್ಲೇಟ್ ದಾಟಿ ಆಚೆ ಸರಿದುಬಿಡುತ್ತೆ. ಎಡದ ಹೊರಗಿನದು, ಒಳಗಿನದು, ಅಲ್ಲಿಂದ ಬಲತುದಿಗೆ ಒಂದು ದೊಡ್ಡ ಜಿಗಿತ, ಬಲದ ಒಳಗಿನದು, ಆಮೇಲೆ ಸ್ಟಾಪ್. ಹೀಗೆ ಹೋದ್ರೆ ಆ ಜಿಗಿತ ದೊಡ್ಡ ಪ್ಲೇಟಿನ ಮೇಲೆ ಮುಗಿಯುತ್ತೆ, ಸಣ್ಣದಕ್ಕೆ ಸರಿಯೋದು ಸ್ವಲ್ಪವೇ. ಎರಡನ್ನೂ ಟೈಮರ್‌ನಲ್ಲಿ ನೋಡಿ. ಮ್ಯಾಚ್ ದಿನ ಸ್ಟ್ರಿಂಗ್ ನಡುವೆ ಕ್ರಮ ಬದಲಿಸಬೇಡಿ.

ಮನೇಲಿ ಅಭ್ಯಾಸಕ್ಕೆ ಪ್ಲೇಟ್ ಕುಗ್ಗಿಸಿ. 10 ಗಜದಲ್ಲಿರೋ 10 ಇಂಚಿನ ಪ್ಲೇಟ್, 10 ಅಡಿ ದೂರದ ಗೋಡೆ ಮೇಲೆ 3.3 ಇಂಚಿನ ಕಾಗದದ ಬಿಲ್ಲೆ. ಗುಂಡು ಕೋಣೆಯ ಹೊರಗಿರಲಿ. ಖಾಲಿ .22ರ ಟ್ರಿಗರ್ ಎಳೆದ್ರೆ ಕೆಲವು ಗನ್ನುಗಳಲ್ಲಿ ಪಿನ್ ಚೇಂಬರಿನ ಅಂಚಿಗೇ ಬಡಿದು ಕುಳಿ ಮಾಡುತ್ತೆ. ಗೋಡೆಗೆ ಸ್ಕ್ರೂ ಕೂರಿಸೋ ಪ್ಲಾಸ್ಟಿಕ್ ಬೆಣೆ ಇದೆಯಲ್ಲ, ಸರಿಯಾದ ಸೈಜಿನ ಹಳದಿಯದು, ಅದನ್ನ ಚೇಂಬರ್‌ಗೆ ಹಾಕಿ.

---

ಸ್ಟ್ಯಾಂಡ್‌ಬೈ ಉತ್ತರ:

ಮ್ಯಾಚ್‌ನಿಂದ ಮನೆಗೆ ಕಳಿಸೋ ಸಂಗತಿ ಯಾರೂ ಬರೆದಿಲ್ಲ.

ರೇಂಜ್ ಕೋಲ್ಡ್, ಅಂದ್ರೆ ಆರ್‌ಒ ಹೇಳೋವರೆಗೂ ಗನ್ ಖಾಲಿ ಇರಬೇಕು, ಹೊರಗೆ ತೆಗೆಯೋ ಹಾಗಿಲ್ಲ. ಕಾರಿನಿಂದ ಇಳಿದು ಬ್ಯಾಗ್ ಬಿಚ್ಚಿ ಗನ್ ತೋರಿಸಿದ್ರೆ ಡಿಸ್‌ಕ್ವಾಲಿಫೈ, ಖಾಲಿ ಇದ್ರೂ ಅಷ್ಟೇ. ನಿಮ್ಮ .22 ಬ್ಯಾಗ್‌ನಲ್ಲೇ ಫೈರಿಂಗ್ ಲೈನ್‌ಗೆ ಬರಲಿ, ಆರ್‌ಒ ಹೇಳಿದಮೇಲೆ ತೆಗೀರಿ, ಮುಗಿದಮೇಲೆ ಅಲ್ಲೇ ಬ್ಯಾಗ್‌ಗೆ ಹಾಕಿ. ಸೇಫ್ ಏರಿಯಾ ಅಂತ ಒಂದು ಮೇಜು ಇರುತ್ತೆ, ಅಲ್ಲಿ ಗನ್ ಮುಟ್ಟಬಹುದು, ಗುಂಡು ಮುಟ್ಟೋ ಹಾಗಿಲ್ಲ. ಗನ್ ಕೈಜಾರಿ ಬಿದ್ರೆ ಎತ್ತಬೇಡಿ, ಆರ್‌ಒ ಎತ್ತಲಿ.

ಆದೇಶಗಳು ಇಷ್ಟೇ: "ಮೇಕ್ ರೆಡಿ" ಅಂದ್ರೆ ಲೋಡ್ ಮಾಡಿ. "ಆರ್ ಯು ರೆಡಿ" ಅಂದಾಗ ಸಿದ್ಧವಿಲ್ಲದಿದ್ರೆ ಬಾಯಿಬಿಟ್ಟು ಹೇಳಿ. "ಸ್ಟ್ಯಾಂಡ್‌ಬೈ", ಆಮೇಲೆ ಬೀಪ್. ಕೊನೇ ಸ್ಟ್ರಿಂಗ್ ಆದಮೇಲೆ "ಅನ್‌ಲೋಡ್ ಅಂಡ್ ಶೋ ಕ್ಲಿಯರ್". ಮ್ಯಾಗಝೀನ್ ಮೊದಲು ಹೊರಗೆ, ಆಮೇಲೆ ಬೋಲ್ಟ್ ಎಳೀರಿ. ಕ್ರಮ ಉಲ್ಟಾ ಆದ್ರೆ ಹೊಸ ಗುಂಡು ಚೇಂಬರ್‌ಗೆ ಹೋಗುತ್ತೆ.

ಯಾವಾಗಾದ್ರೂ ಸದ್ದು "ಪುಸ್" ಅಂತ ಮಂದವಾಗಿ ಬಂದ್ರೆ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಕೂತಿರಬಹುದು, ಅದರ ಹಿಂದೆ ಇನ್ನೊಂದು ಹೋದ್ರೆ ನಳಿಗೆ ಉಬ್ಬುತ್ತೆ ಇಲ್ಲ ಬಿರಿಯುತ್ತೆ. .22ರಲ್ಲಿ ಹಿನ್ನೊದೆತ ತೀರಾ ಕಮ್ಮಿ ಇರೋದ್ರಿಂದ ಗೊತ್ತಾಗೋದೂ ಕಷ್ಟ.

ಕುತ್ತಿಗೆ ಮುಚ್ಚೋ ಅಂಗಿ, ಮುಂಚಾಚು ಇರೋ ಟೋಪಿ. ಇದು ಶೋಕಿಗಲ್ಲ. ಬಿಸಿ ಕೇಸು ಕುತ್ತಿಗೆಯೊಳಗೆ ಬಿದ್ದಾಗ ಒಂದು ಕೈ ಅಲ್ಲಿಗೆ ಹೋಗುತ್ತೆ, ಇನ್ನೊಂದು ಕೈಲಿರೋ ಗನ್ ಮೈ ಜೊತೆ ತಿರುಗುತ್ತೆ. ನಳಿಗೆ 180 ಡಿಗ್ರಿ ಗೆರೆ (ನೀವು ನಿಂತಲ್ಲಿಂದ ಎಡಬಲಕ್ಕೆ ನೇರ ಎಳೆದ ಗೆರೆ) ದಾಟಿ ಹಿಂದಕ್ಕೆ ತಿರುಗಿದ್ರೆ ಆವತ್ತಿನ ಆಟ ಮುಗೀತು. ಸುಟ್ರೆ ಸುಡಲಿ, ಮೊದಲು ಗನ್ ಮುಂದಕ್ಕೆ ಹಿಡೀರಿ.

ಕನ್ನಡಕ ಪಕ್ಕದಿಂದಲೂ ಮುಚ್ಚೋದು ಬೇಕು, ನೋಡೋಕೆ ಬರೋ ಭಾಮೈದನಿಗೂ. ಸೀಸದ ಗುಂಡು ಉಕ್ಕಿಗೆ ಬಡಿದಾಗ ಚಕ್ಕೆಯಾಗಿ ಪ್ಲೇಟಿನ ಮುಖದಗುಂಟ ಸುತ್ತಲೂ ಚೆಲ್ಲುತ್ತೆ. ಪ್ಲೇಟ್ ನಯವಾಗಿದ್ದು ಕೊಂಚ ಮುಂದಕ್ಕೆ ಬಾಗಿದ್ರೆ ಚಕ್ಕೆ ನೆಲಕ್ಕೆ ಹೋಗುತ್ತೆ, ಕುಳಿ ಬಿದ್ದಿದ್ರೆ ವಾಪಸ್ ಮುಖಕ್ಕೆ ಬರುತ್ತೆ. ಅದಕ್ಕೇ ಎಆರ್500 ಥರದ ಗಟ್ಟಿ ಉಕ್ಕು, ಅದಕ್ಕೇ ಸ್ಟೀಲ್ ಕೋರ್ ಗುಂಡಿಗೆ ನಿಷೇಧ. ಗುಂಡಿಗೆ ಅಯಸ್ಕಾಂತ ಹಿಡಿದು ನೋಡೋ ಕ್ಲಬ್‌ಗಳೂ ಇವೆ.

ಸ್ಕೋರ್ ಬಗ್ಗೆ ತಕರಾರಿದ್ರೆ ಪ್ಲೇಟಿಗೆ ಬಣ್ಣ ಹೊಡೆಯೋ ಮುಂಚೆ ಹೇಳಿ. ಬಿಳಿ ಬಣ್ಣದ ಮೇಲೆ .22ರ ಗುರುತು ಬೂದು ಬೊಟ್ಟಿನಷ್ಟೇ, ಒಂದು ಸ್ಪ್ರೇ ಬಿದ್ರೆ ಸಾಕ್ಷಿ ಮಾಯ.

ಮಧ್ಯಾಹ್ನದ ಬುತ್ತಿಗೆ ಕೈ ಹಾಕೋ ಮುಂಚೆ ತಣ್ಣೀರು, ಸೋಪಿನಲ್ಲಿ ಕೈ ತೊಳೀರಿ. ಸ್ಯಾನಿಟೈಸರ್‌ಗೆ ಸೀಸ ಹೋಗಲ್ಲ. ಆ ಬೂಟು ಮನೆ ಬಾಗಿಲ ಹೊರಗೇ ಇರಲಿ, ಮಗು ಅಂಬೆಗಾಲಿಡೋ ಮನೆಯಾದ್ರಂತೂ ಖಂಡಿತ.