ಅಪ್‌ಡೇಟ್: ಬ್ಲ್ಯಾಕ್‌ಬಿಯರ್ಡ್ ಲೇಖನದ ಪರಿಶೀಲನೆ ಮುಗಿಯಿತು

ಕಡಲುಗಳ್ಳ ಬ್ಲ್ಯಾಕ್‌ಬಿಯರ್ಡನ ಬಗೆಗಿನ ವಿಶ್ವಕೋಶ ಲೇಖನವನ್ನು ಪರಿಶೀಲಿಸುವಾಗ ಐತಿಹ್ಯವನ್ನು ಇತಿಹಾಸದಿಂದ ಹೇಗೆ ಬೇರ್ಪಡಿಸಬೇಕೆಂದು ಕಳೆದ ತಿಂಗಳು ತಮ್ಮೆಲ್ಲರನ್ನು ಕೇಳಿದ್ದೆ. ಅಳಿಸಬೇಡಿ, ಬೇರೆ ಉಪಶೀರ್ಷಿಕೆಗೆ ಸರಿಸಿ ಎಂದ ತಮ್ಮ ಸಲಹೆಯಂತೆ, ಚಿತ್ರದುರ್ಗದ ಮನೆಯಲ್ಲಿ ಕರಡನ್ನು ಹರಡಿಕೊಂಡು ಎರಡು ಭಾನುವಾರ ಕುಳಿತೆ.

1718ರ ನವೆಂಬರ್ 22ರಂದು ಅಮೆರಿಕದ ಪೂರ್ವ ಕರಾವಳಿಯ ಒಕ್ರಕೋಕ್ ದ್ವೀಪದ ಬಳಿ ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ಮೇನಾರ್ಡನ ಪಡೆಯೊಡನೆ ಕಾದಾಡಿ ಬ್ಲ್ಯಾಕ್‌ಬಿಯರ್ಡ್ ಸತ್ತದ್ದೂ ಅವನ ತಲೆಯನ್ನು ಹಡಗಿನ ಮುಂಭಾಗದ ಕಂಬಕ್ಕೆ ತೂಗುಹಾಕಿದ್ದೂ ದಾಖಲೆಯಲ್ಲಿರುವ ಸಂಗತಿಗಳು. ಆದರೆ ತಲೆಯಿಲ್ಲದ ಮುಂಡ ಹಡಗನ್ನು ಸುತ್ತಿ ಈಜಿತೆಂಬ ಕಥೆಯನ್ನೂ ಲೇಖಕರು ಅದೇ ವಾಕ್ಯದಲ್ಲಿ, ಅದೇ ಧಾಟಿಯಲ್ಲಿ ಹೊಸೆದಿದ್ದರು. ಓಬವ್ವನ ಕಿಂಡಿಯನ್ನು ನೋಡುತ್ತ ಬೆಳೆದ ನನಗೆ ಐತಿಹ್ಯದ ಮೇಲೆ ಸಿಟ್ಟೇನೂ ಇಲ್ಲ. ಟೋಪಿಯ ಅಡಿಯಲ್ಲಿ ಹೊಗೆಯಾಡುವ ಬತ್ತಿಗಳನ್ನು ಸಿಕ್ಕಿಸಿಕೊಳ್ಳುತ್ತಿದ್ದನೆಂಬ ವರ್ಣನೆಯು ಅವನು ಸತ್ತು ಆರು ವರ್ಷಗಳಾದ ಮೇಲೆ, 1724ರಲ್ಲಿ ಅಚ್ಚಾದ ಪುಸ್ತಕದ್ದಾದ್ದರಿಂದ ಅಲ್ಲಿ ‘ಎನ್ನಲಾಗಿದೆ’ ಎಂದು ಸೇರಿಸಿದೆ. ಕೊಲೆಗಳ ಪಟ್ಟಿಯನ್ನು ಮಾತ್ರ ಪೂರ್ತಿ ತೆಗೆಸಬೇಕಾಯಿತು: ಆ ಕೊನೆಯ ಕಾಳಗಕ್ಕೆ ಮೊದಲು ಅವನು ಯಾರನ್ನಾದರೂ ಕೊಂದನೆನ್ನಲು ಖಚಿತ ದಾಖಲೆಯಿಲ್ಲ, ಚಾರ್ಲ್ಸ್‌ಟನ್ ಬಂದರನ್ನು ತಡೆದು ನಿಂತಾಗ ಕೇಳಿದ್ದು ಔಷಧಿಯ ಪೆಟ್ಟಿಗೆಯನ್ನು. ಅವನ ಹಡಗಿನ ಅವಶೇಷ ‘ಇತ್ತೀಚೆಗೆ’ ಸಿಕ್ಕಿತೆಂದಿದ್ದುದನ್ನು 1996 ಎಂದು ತಿದ್ದಿದೆ.

ಲೇಖಕರು ಎಲ್ಲವನ್ನೂ ಒಪ್ಪಿದ್ದಾರೆ. ಮುಂಡದ ಈಜನ್ನು ಕೈಬಿಡಲು ಮನಸ್ಸಾಗದೆ ‘ಜನರ ಬಾಯಲ್ಲಿ’ ಎಂಬ ಹೊಸ ಭಾಗಕ್ಕೆ ಸರಿಸಿಕೊಂಡಿದ್ದಾರೆ.