ಅಪ್‌ಡೇಟ್: ಪೂರ್ತಿ ಮುಚ್ಚಿಕೊಳ್ಳದ ಫೈರ್ ಡೋರ್ ಕೊನೆಗೂ ಸರಿಹೋಯ್ತು

ಬೆಂಗಳೂರಿನ ನಮ್ಮ ಆಫೀಸ್ ಕಟ್ಟಡದ ಮೂರನೇ ಮಹಡಿಯಲ್ಲಿ ಮೆಟ್ಟಿಲಿನ ಫೈರ್ ಡೋರ್ (ಬೆಂಕಿ, ಹೊಗೆ ಹರಡದಂತೆ ತಡೆಯೋ ಬಾಗಿಲು) ಲಾಚ್ ಆಗದೆ, ಅಂದ್ರೆ ಚಿಲಕ ಕೂರದೆ, ಬೆರಳಗಲ ತೆರೆದೇ ನಿಲ್ಲುತ್ತೆ, ಇನ್‌ಸ್ಪೆಕ್ಷನ್‌ನಲ್ಲಿ ಫೇಲ್ ಆಗಿದೆ ಅಂತ ಕೇಳಿದ್ದೆನಲ್ಲ, ಈಗ ಪಾಸ್ ಆಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಹಿಂಜ್‌ಗೆ ಎಣ್ಣೆ ಬಿಟ್ಟಿದ್ದರಿಂದ ಏನೂ ಆಗಲಿಲ್ಲ. ಬಾಗಿಲಿನ ಅಂಚು ಉಜ್ಜಿಸಿ ಅಂತ ಇಬ್ಬರು ಹೇಳಿದ್ರಿ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಬಾಗಿಲನ್ನ ಹೇಗೆ ಬೆಂಕಿಗೆ ಹಿಡಿದು ಟೆಸ್ಟ್ ಮಾಡಿರ್ತಾರೋ ಹಾಗೇ ಇದ್ದರಷ್ಟೇ ಅದರ ಫೈರ್ ರೇಟಿಂಗ್‌ಗೆ (ಎಷ್ಟು ಹೊತ್ತು ಬೆಂಕಿ ತಡೆಯುತ್ತೆ ಅನ್ನೋ ಅಳತೆಗೆ) ಬೆಲೆ.

ಕೆಲಸಕ್ಕೆ ಬಂದದ್ದು ‘ಎಸಿ ಆಫ್ ಮಾಡಿ ನೋಡಿ’ ಅನ್ನೋ ಸಲಹೆ. ಎಸಿ ನಿಂತಾಗ ಟಕ್ ಅಂತ ಲಾಚ್ ಆಯ್ತು! ಆನ್ ಇದ್ದಾಗ ಒಳಗಿನ ಗಾಳಿ ಬಾಗಿಲನ್ನ ಮೆಟ್ಟಿಲ ಕಡೆಗೆ ತಳ್ತಾ ಇತ್ತು. ಬಾಗಿಲನ್ನ ತಾನಾಗೇ ಮುಚ್ಚೋ ಡೋರ್ ಕ್ಲೋಸರ್‌ನಲ್ಲಿ ಎರಡು ಸಣ್ಣ ಸ್ಕ್ರೂ ಇರ್ತವೆ: ಒಂದು ಮುಚ್ಚುವ ವೇಗಕ್ಕೆ, ಇನ್ನೊಂದು ಕೊನೆಯ ಹಂತದ ಲಾಚಿಂಗ್‌ಗೆ. ಟೆಕ್ನೀಷಿಯನ್ ಎರಡನೆಯದನ್ನ ಚೂರೇ ಚೂರು ತಿರುಗಿಸಿದ್ರು, ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿದ್ರು, ಅಷ್ಟೇ.

ನಾನು ನಿರೀಕ್ಷಿಸದೇ ಇದ್ದದ್ದು ಇನ್ನೊಂದಿತ್ತು. ಚೌಕಟ್ಟಿನಲ್ಲಿ ಹೊಗೆ ನುಸುಳದಂತೆ ತಡೆಯೋ ಸ್ಮೋಕ್ ಸೀಲ್ ರಬ್ಬರ್ ಮೇಲೆ ಪೇಂಟ್ ಬಳಿದು ಅದು ಕಲ್ಲಿನ ಥರ ಗಟ್ಟಿಯಾಗಿತ್ತು. ಅದನ್ನೂ ಬದಲಾಯಿಸಿದ್ವಿ. 2010ರಲ್ಲಿ ಇದೇ ಊರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಹೋದರು, ಅಲ್ಲಿ ಜನರನ್ನ ಕಂಗೆಡಿಸಿದ್ದು ಹೊಗೆ. ಹಾಗಾಗಿ ಈ ರಬ್ಬರ್‌ನ ವಿಷಯದಲ್ಲಿ ನಾನು ಹಟ ಹಿಡಿದೆ.

ಇದೇ ತೊಂದರೆ ಇರೋರು ಬಾಗಿಲನ್ನ ಎಸಿ ಓಡ್ತಿರುವಾಗ ಒಮ್ಮೆ, ನಿಂತಾಗ ಒಮ್ಮೆ ಟೆಸ್ಟ್ ಮಾಡಿ.