ಸಹಾಯ ಬೇಕು: ಮಗುವಿನ ಹೃದಯದ ಗೋಡೆಯಲ್ಲಿ ಉಬ್ಬು, ಆಪರೇಷನ್ ಈಗಲೇ ಬೇಕಾ?

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿ ಕಡೆಯವರು. ಅಕ್ಕನ ಮಗಳಿಗೆ ನಾಲ್ಕು ವರ್ಷ. ಹೃದಯದ ಎಡ ಕೆಳಕೋಣೆಯ ಗೋಡೆಯಲ್ಲಿ ಹುಟ್ಟಿನಿಂದಲೇ ಒಂದು ಉಬ್ಬು ಇದೆಯಂತೆ. ಕೆಮ್ಮು ಅಂತ ತೋರಿಸಲು ಹೋದಾಗ ಎಕೋದಲ್ಲಿ (ಹೃದಯದ ಸ್ಕ್ಯಾನ್) ಗೊತ್ತಾಯಿತು. ಮಗು ಮಾತ್ರ ಊರೆಲ್ಲ ಓಡಾಡಿಕೊಂಡು ಇದ್ದಾಳೆ.

ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ಇದು ಅನ್ಯೂರಿಸಂ ಅಂದರು. ಆ ಜಾಗದಲ್ಲಿ ಮಾಂಸಖಂಡ ಇಲ್ಲ, ಬರೀ ನಾರಿನಂಥ ಗೋಡೆ. ಹೃದಯ ಕುಗ್ಗಿದಾಗ ಅದು ಹೊರಗೆ ಉಬ್ಬುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟಬಹುದು, ಬಡಿತ ಏರುಪೇರಾಗಬಹುದು. ಹಾಗಾಗಿ ಆ ಭಾಗ ತೆಗೆದು ಪ್ಯಾಚ್ ಹಾಕಿ ಹೊಲಿಯಬೇಕು ಅಂದರು. ಇನ್ನೊಬ್ಬರು ಇದು ಡೈವರ್ಟಿಕ್ಯುಲಂ, ಅಂದರೆ ಗೋಡೆಯಿಂದ ಹೊರಚಾಚಿದ ಮಾಂಸಖಂಡ ಇರುವ ಸಣ್ಣ ಚೀಲ ಇರಬಹುದು, ಉಬ್ಬಿನ ಬಾಯಿ ಸಣ್ಣದಿದೆ, ಅದು ಹೃದಯದ ಜೊತೆಗೇ ಕುಗ್ಗುತ್ತಿದೆ, ಕಾದು ನೋಡೋಣ ಅಂದರು. ಇಬ್ಬರು ನೋಡಿದ್ದೂ ಅದೇ ಎಕೋ!

ಹೋಲ್ಟರ್ (ಇಡೀ ದಿನ ಹೃದಯ ಬಡಿತ ದಾಖಲಿಸುವ ಪರೀಕ್ಷೆ) ಮಾಡಿಸಿದೆವು, ಬಡಿತ ಸರಿಯಿದೆ. ಹೃದಯದ ಎಂಆರ್‌ಐ ಮಾಡಿಸಿದರೆ ಸ್ಪಷ್ಟವಾಗುತ್ತದೆ ಅಂತ ಇಬ್ಬರೂ ಹೇಳುತ್ತಾರೆ. ಮಗುವನ್ನು ಔಷಧಿ ಕೊಟ್ಟು ಮಲಗಿಸಬೇಕು ಅಂದದ್ದಕ್ಕೆ ಅಕ್ಕ ಹೆದರಿದ್ದಾಳೆ. ಅಜ್ಜಿಯಂತೂ "ಆಡೋ ಕೂಸಿನ ಎದಿ ಯಾಕ ಕೊಯ್ಸ್ತೀರಿ" ಅಂತ ಒಂದೇ ಹಟ.

ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದಲ್ವಾ, ಹಾಗಾಗಿ ದುಡ್ಡಿಗಿಂತ ನಿರ್ಧಾರದ್ದೇ ಚಿಂತೆ ಜಾಸ್ತಿ.

ಯಾವ ತೊಂದರೆಯೂ ಕಾಣದ ಮಗುವಿಗೆ ಈ ಆಪರೇಷನ್ ಮಾಡಿಸಿದವರು, ಇಲ್ಲವೇ ಕಾದು ನೋಡಿದವರು ಇಲ್ಲಿ ಇದ್ದೀರಾ? ನಿಮ್ಮ ಡಾಕ್ಟರು ಯಾವುದನ್ನು ನೋಡಿ ಹಾಗೆ ತೀರ್ಮಾನಿಸಿದರು? ಇಷ್ಟು ಸಣ್ಣ ಮಕ್ಕಳ ಹೃದಯದ ಎಂಆರ್‌ಐ ಹುಬ್ಬಳ್ಳಿ-ಧಾರವಾಡದಲ್ಲೇ ಆಗುತ್ತಾ, ಬೆಂಗಳೂರಿಗೇ ಹೋಗಬೇಕಾ?